ಮನೆಯಲ್ಲಿ ವಿದ್ಯುತ್ ಕಾಫಿ ಪರ್ಕೊಲೇಟರ್: ಆಯ್ಕೆ, ಬಳಕೆ ಮತ್ತು ಜೋಪಾನ

ಶಿವಮೊಗ್ಗ–ಭದ್ರಾವತಿ ರಸ್ತೆಯ ಮಾಚೇನಹಳ್ಳಿಯಂತಹ ಊರುಗಳಲ್ಲಿ ಇಂದು ಒಂದೇ ಮನೆಯಲ್ಲಿ ಬೇಸಾಯವೂ ಇರುತ್ತದೆ, ಕಾರ್ಖಾನೆಯ ಸಂಬಳವೂ ಇರುತ್ತದೆ. ಒಂದು ಕಡೆ ಕೈಗಾರಿಕಾ ಪ್ರದೇಶ ಮತ್ತು ಹಾಲು ಒಕ್ಕೂಟದ ಡೇರಿ, ಇನ್ನೊಂದು ಕಡೆ ಭತ್ತದ ಗದ್ದೆ ಹಾಗೂ ಅಡಿಕೆ ತೋಟ. ಬೆಳಗಿನ ಪಾಳಿಗೆ ಹೋಗುವವರಿಗೆ ಐದು ಗಂಟೆಗೆ ಕಾಫಿ ಆಗಬೇಕು. ಹಾಲು ಕರೆದು ಡೇರಿಗೆ ಹಾಕಿ ಬಂದವರಿಗೆ ಆರೂವರೆಗೆ ಮತ್ತೊಮ್ಮೆ ಆಗಬೇಕು. ಅಡಿಕೆ ಕೊಯ್ಲಿನ ದಿನಗಳಲ್ಲಂತೂ ರಾತ್ರಿ ಸುಲಿಯಲು ಕುಳಿತ ಹದಿನೈದು ಇಪ್ಪತ್ತು ಮಂದಿಗೆ ನಿದ್ದೆ ಬಾರದಂತೆ ಕಾಫಿ ಒದಗಿಸುವುದು ಮನೆಯ ಹೆಣ್ಣುಮಕ್ಕಳಿಗೆ ಪ್ರತ್ಯೇಕ ಕೆಲಸವೇ ಆಗುತ್ತದೆ.

ಈ ಕಾರಣದಿಂದ ಹಲವು ಮನೆಗಳಿಗೆ ವಿದ್ಯುತ್ ಪರ್ಕೊಲೇಟರ್ ಬಂದಿದೆ. ಕೆಲವರು ಪೇಟೆಯಲ್ಲಿ ಕೊಂಡಿದ್ದಾರೆ. ಇನ್ನು ಕೆಲವರಿಗೆ ಹೊರದೇಶದಲ್ಲಿರುವ ಮಕ್ಕಳು ತಂದುಕೊಟ್ಟಿದ್ದಾರೆ. ಆದರೆ ಕೆಲವೇ ತಿಂಗಳಲ್ಲಿ ಅದು ಅಟ್ಟ ಸೇರುವುದೂ ಉಂಟು. "ಕಾಫಿ ನೀರಾಗಿರುತ್ತದೆ", "ಮುಟ್ಟಿದರೆ ಜುಮ್ಮೆನ್ನುತ್ತದೆ", "ಕಾಯಿಲ್ ಸುಟ್ಟುಹೋಯಿತು" ಎಂಬ ಮೂರು ದೂರುಗಳು ಸಾಮಾನ್ಯ. ಈ ಮೂರಕ್ಕೂ ಪಾತ್ರೆಯೇ ಕಾರಣವಾಗಿರುವುದು ಕಡಿಮೆ. ಅರ್ಥಿಂಗ್, ಪುಡಿ ಮತ್ತು ಶುಚಿ, ಈ ಮೂರನ್ನು ಸರಿಪಡಿಸಿಕೊಂಡರೆ ಪರ್ಕೊಲೇಟರ್ ಅನೇಕ ವರ್ಷ ದುಡಿಯುತ್ತದೆ. ಇವುಗಳಲ್ಲಿ ಅರ್ಥಿಂಗ್ ಪ್ರಾಣಕ್ಕೆ ಸಂಬಂಧಿಸಿದ್ದು. ಆದ್ದರಿಂದ ಆ ಭಾಗವನ್ನು ಬಿಡದೆ ಓದಬೇಕು.

ಪರ್ಕೊಲೇಟರ್ ಎಂದರೇನು?

ನಮ್ಮಲ್ಲಿ ಹಿತ್ತಾಳೆ ಅಥವಾ ಸ್ಟೀಲಿನ ಎರಡು ಅಂತಸ್ತಿನ ಕಾಫಿ ಫಿಲ್ಟರನ್ನೂ ಕೆಲವರು ಪರ್ಕೊಲೇಟರ್ ಎನ್ನುವುದುಂಟು. ಅದು ಬೇರೆ, ಇದು ಬೇರೆ. ಫಿಲ್ಟರಿನಲ್ಲಿ ಬಿಸಿನೀರು ಪುಡಿಯ ಮೂಲಕ ಒಮ್ಮೆ ಮಾತ್ರ ನಿಧಾನವಾಗಿ ಇಳಿಯುತ್ತದೆ. ಗಟ್ಟಿ ಡಿಕಾಕ್ಷನ್ ದೊರೆಯುತ್ತದೆ. ವಿದ್ಯುತ್ತಿನಿಂದ ನಡೆಯುವ ಡ್ರಿಪ್ ಮಾದರಿಯಲ್ಲಿಯೂ ನೀರು ಒಂದೇ ಸಲ ಇಳಿಯುತ್ತದೆ. ಪರ್ಕೊಲೇಟರಿನಲ್ಲಿ ಹಾಗಲ್ಲ. ಅದೇ ನೀರು ಮತ್ತೆ ಮತ್ತೆ ಮೇಲೇರಿ ಪುಡಿಯ ಮೇಲೆ ಬಿದ್ದು ಕೆಳಗೆ ಸೇರುತ್ತದೆ.

ಇದರ ರಚನೆ ಸರಳ. ತಳದಲ್ಲಿ ಕಾಯಿಲ್ ಇರುತ್ತದೆ. ಅದರ ಮೇಲೆ ನೀರಿನ ಪಾತ್ರೆ. ನಡುವೆ ನೆಟ್ಟಗೆ ನಿಂತ ಒಂದು ಕೊಳವೆ. ಅದರ ಬುಡ ಅಗಲವಾಗಿದ್ದು ಪಾತ್ರೆಯ ತಳದ ಸಣ್ಣ ಗುಳಿಯಲ್ಲಿ ಕೂರುತ್ತದೆ. ಕೊಳವೆಯ ಮೇಲ್ಭಾಗದಲ್ಲಿ ಪುಡಿ ಹಾಕುವ ತೂತಿನ ಬುಟ್ಟಿ, ಅದರ ಮೇಲೆ ತೂತಿನ ತಟ್ಟೆ. ಗುಳಿಯಲ್ಲಿರುವ ಸ್ವಲ್ಪ ನೀರು ಮೊದಲು ಕುದಿಯುತ್ತದೆ. ಆಗ ಹುಟ್ಟುವ ಆವಿಯ ಗುಳ್ಳೆಗಳು ಕೊಳವೆಯೊಳಗಿನ ನೀರನ್ನು ಮೇಲಕ್ಕೆ ತಳ್ಳುತ್ತವೆ. ಮೇಲೆ ಬಂದ ನೀರು ತಟ್ಟೆಯ ಮೇಲೆ ಹರಡಿ, ಪುಡಿಯನ್ನು ತೋಯಿಸಿ, ಕೆಳಗೆ ತೊಟ್ಟಿಕ್ಕುತ್ತದೆ. ಪಾತ್ರೆಯ ನೀರೆಲ್ಲ ನಿಗದಿತ ಶಾಖಕ್ಕೆ ಬಂದಾಗ ಥರ್ಮೋಸ್ಟಾಟ್ ದೊಡ್ಡ ಕಾಯಿಲನ್ನು ಆರಿಸುತ್ತದೆ. ಅನೇಕ ಮಾದರಿಗಳಲ್ಲಿ ಆ ಬಳಿಕ ಸಣ್ಣ ಕಾಯಿಲೊಂದು ಕಾಫಿಯನ್ನು ಬಿಸಿಯಾಗಿ ಇಡುತ್ತದೆ.

ಒಲೆಯ ಮೇಲಿಡುವ ಪರ್ಕೊಲೇಟರಿಗೆ ಈಗಿನ ರೂಪ ಕೊಟ್ಟು 1889ರಲ್ಲಿ ಪೇಟೆಂಟ್ ಪಡೆದವರು ಅಮೆರಿಕದ ಇಲಿನಾಯ್ ರಾಜ್ಯದ ಹ್ಯಾನ್ಸನ್ ಗುಡ್‌ರಿಚ್ ಎಂಬ ರೈತರು. ಮನೆ ತುಂಬ ಜನಕ್ಕೆ ಒಮ್ಮೆಲೇ ಕಾಫಿ ಮಾಡುವ ಪಾತ್ರೆ ಇದು ಎಂಬುದನ್ನು ನೆನಪಿಡಿ.

ನಿಮಗೆ ಇದು ಬೇಕೇ?

ಮನೆಯಲ್ಲಿ ಮೂರು ನಾಲ್ಕು ಜನರಿದ್ದು, ಗಟ್ಟಿ ಡಿಕಾಕ್ಷನ್ನಿಗೆ ಹೆಚ್ಚು ಹಾಲು ಬೆರೆಸಿ ಕುಡಿಯುವ ಅಭ್ಯಾಸವಿದ್ದರೆ ಹಳೆಯ ಫಿಲ್ಟರೇ ಮೇಲು. ಅದಕ್ಕೆ ವಿದ್ಯುತ್ ಬೇಡ, ರಿಪೇರಿಯೂ ಇಲ್ಲ. ಹತ್ತಕ್ಕಿಂತ ಹೆಚ್ಚು ಜನರಿಗೆ ಒಂದೇ ಹೊತ್ತಿಗೆ ಕಾಫಿ ಬೇಕಾಗುವ ಮನೆಗೆ ಅಥವಾ ಹಾಲಿಲ್ಲದ ಕಾಫಿ ಕುಡಿಯುವವರಿರುವ ಮನೆಗೆ ಪರ್ಕೊಲೇಟರ್ ಉಪಯುಕ್ತ. ಸ್ವಿಚ್ಚು ಹಾಕಿದ ಮೇಲೆ ಒಲೆಯ ಮುಂದೆ ನಿಲ್ಲಬೇಕಾಗಿಲ್ಲ.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು:

1. ಪಾತ್ರೆಯ ತಳದಲ್ಲಿ 230 ವೋಲ್ಟ್, 50 ಹರ್ಟ್ಸ್ ಎಂದು ಬರೆದಿರಬೇಕು. ಐ.ಎಸ್.ಐ. ಗುರುತಿರುವುದನ್ನೇ ಆರಿಸಿ.
2. ಪ್ಲಗ್ಗಿಗೆ ಮೂರು ಪಿನ್ನುಗಳಿರಬೇಕು. ಮೈಯೆಲ್ಲ ಲೋಹವಿರುವ ಪಾತ್ರೆಗೆ ಎರಡೇ ಪಿನ್ನು ಇದ್ದರೆ ಕೊಳ್ಳಬೇಡಿ.
3. ಒಳಮೈ ಸ್ಟೇನ್‌ಲೆಸ್ ಸ್ಟೀಲಿನದಾಗಿದ್ದರೆ ತೊಳೆಯುವುದು ಸುಲಭ. ಅಲ್ಯೂಮಿನಿಯಂ ಬೇಗ ಕಪ್ಪಾಗುತ್ತದೆ.
4. ವಿದೇಶಿ ಮಾದರಿಗಳಲ್ಲಿ ಕಪ್ ಎಂದರೆ ಸಾಮಾನ್ಯವಾಗಿ ಸುಮಾರು 150 ಮಿಲಿಲೀಟರ್. 12 ಕಪ್ಪಿನ ಪಾತ್ರೆಗೆ ಸುಮಾರು 1.8 ಲೀಟರ್ ನೀರು ಹಿಡಿಯುತ್ತದೆ. ನಮ್ಮ ಲೋಟದ ಲೆಕ್ಕವನ್ನು ಬೇರೆಯಾಗಿ ಮಾಡಿಕೊಳ್ಳಿ.
5. ಬುಟ್ಟಿ, ಕೊಳವೆ ಮತ್ತು ವಾಷರು ಬಿಡಿಯಾಗಿ ಸಿಗುತ್ತವೆಯೇ ಎಂದು ಅಂಗಡಿಯಲ್ಲೇ ವಿಚಾರಿಸಿ.

ಅರ್ಥಿಂಗ್: ಎಲ್ಲಕ್ಕಿಂತ ಮೊದಲು

ನೀರು, ಲೋಹ ಮತ್ತು ವಿದ್ಯುತ್ ಮೂರೂ ಒಂದೇ ಪಾತ್ರೆಯಲ್ಲಿ ಸೇರಿವೆ. ಅಡಿಗೆಮನೆಯ ನೆಲ ಒದ್ದೆಯಾಗಿರುತ್ತದೆ, ಕಾಲಿನಲ್ಲಿ ಚಪ್ಪಲಿ ಇರುವುದಿಲ್ಲ. ಕಾಯಿಲಿನ ಹೊದಿಕೆ ಎಲ್ಲಾದರೂ ಬಿರುಕು ಬಿಟ್ಟು ವಿದ್ಯುತ್ ಪಾತ್ರೆಯ ಮೈಗೆ ಬಂದರೆ, ಅರ್ಥಿಂಗ್ ಸರಿಯಾಗಿರುವ ಮನೆಯಲ್ಲಿ ಅದು ಹಸಿರು ತಂತಿಯ ಮೂಲಕ ಭೂಮಿಗೆ ಹರಿದು ಫ್ಯೂಸು ಹೋಗುತ್ತದೆ ಅಥವಾ ಟ್ರಿಪ್ ಆಗುತ್ತದೆ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಅದು ಪಾತ್ರೆ ಮುಟ್ಟಿದವರ ಮೈಯ ಮೂಲಕ ಹರಿಯುತ್ತದೆ.

"ಸ್ವಲ್ಪ ಜುಮ್ಮೆನ್ನುತ್ತದೆ ಅಷ್ಟೇ" ಎಂದು ಮರದ ಮಣೆಯ ಮೇಲೆ ನಿಂತು ಬಳಸುವವರಿದ್ದಾರೆ. ಇದು ಅತ್ಯಂತ ಅಪಾಯಕರ. ಇಂದು ಜುಮ್ಮೆಂದದ್ದು ನಾಳೆ ಕೈ ಒದ್ದೆಯಾದಾಗ ಹಿಡಿದುಕೊಳ್ಳಬಹುದು. ಜುಮ್ಮೆಂದ ಕೂಡಲೆ ಮುಖ್ಯ ಸ್ವಿಚ್ಚು ಆರಿಸಿ, ಪ್ಲಗ್ಗು ತೆಗೆದು, ರಿಪೇರಿ ಆಗುವವರೆಗೆ ಪಾತ್ರೆಯನ್ನು ಬಳಸಬೇಡಿ.

ಹಳೆಯ ಮನೆಗಳಲ್ಲಿ ಅರ್ಥ್ ತಂತಿಯನ್ನು ನಲ್ಲಿಯ ಕಬ್ಬಿಣದ ಪೈಪಿಗೆ ಕಟ್ಟುವ ರೂಢಿ ಇತ್ತು. ಈಗ ಆ ಪೈಪಿನ ನಡುವೆ ಎಲ್ಲೋ ಪಿ.ವಿ.ಸಿ. ತುಂಡು ಸೇರಿರುತ್ತದೆ, ಅರ್ಥಿಂಗ್ ಅಲ್ಲಿಗೇ ಕಡಿದಂತಾಯಿತು. ತಂತಿ ಕಣ್ಣಿಗೆ ಕಾಣುವುದರಿಂದ ಮನೆಯವರು ನಿಶ್ಚಿಂತರಾಗಿರುತ್ತಾರೆ. ಆದ್ದರಿಂದ ಮನೆಗೆ ಪ್ರತ್ಯೇಕ ಅರ್ಥ್ ಗುಂಡಿ ಇರಬೇಕು. ಸುಮಾರು 2.5 ಮೀಟರ್ ಉದ್ದದ ಜಿ.ಐ. ಪೈಪನ್ನು ತಂಪು ಇರುವ ಜಾಗದಲ್ಲಿ ನೆಟ್ಟು, ಸುತ್ತ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬುವುದು ರೂಢಿಯ ಕ್ರಮ. ಬೇಸಿಗೆಯಲ್ಲಿ ಗುಂಡಿ ಒಣಗಿದರೆ ಅರ್ಥಿಂಗ್ ದುರ್ಬಲವಾಗುತ್ತದೆ. ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕಿ. ಪಂಪ್‌ಸೆಟ್ಟಿನ ಅರ್ಥ್ ಗುಂಡಿಗೂ ಇದೇ ಉಪಚಾರ ಬೇಕು.

ಪರವಾನಗಿ ಪಡೆದ ವೈರ್‌ಮನ್‌ರಿಂದ ವರ್ಷಕ್ಕೊಮ್ಮೆ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಅದರ ಜೊತೆಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಒಂದನ್ನು ಮೀಟರಿನ ಬಳಿ ಹಾಕಿಸಿದರೆ, ಸೋರಿಕೆಯಾದ ಕ್ಷಣದಲ್ಲಿ ಅದು ವಿದ್ಯುತ್ ಕಡಿದುಹಾಕುತ್ತದೆ. ಮಿಕ್ಸಿ, ಗ್ರೈಂಡರು, ನೀರು ಕಾಯಿಸುವ ಗೀಸರು ಎಲ್ಲಕ್ಕೂ ಇದರಿಂದ ರಕ್ಷಣೆ ದೊರೆಯುತ್ತದೆ.

1000 ವ್ಯಾಟಿನ ಪರ್ಕೊಲೇಟರ್ 230 ವೋಲ್ಟಿನಲ್ಲಿ ಸುಮಾರು 4.3 ಆಂಪಿಯರ್ ಎಳೆಯುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವ 6 ಆಂಪಿಯರಿನ ಸಾಕೆಟ್ಟು ಇದನ್ನು ತಡೆದೀತು. ಅದಕ್ಕಿಂತ ದೊಡ್ಡ ಪಾತ್ರೆಗೆ 16 ಆಂಪಿಯರಿನ ಪವರ್ ಸಾಕೆಟ್ಟೇ ಬೇಕು. ತೆಳುವಾದ ಎಕ್ಸ್‌ಟೆನ್ಷನ್ ತಂತಿಯಿಂದ, ಬಲ್ಬಿನ ಹೋಲ್ಡರಿನಿಂದ ಅಥವಾ ಮನೆಯ ಸಣ್ಣ ಇನ್ವರ್ಟರಿನಿಂದ ಇದನ್ನು ನಡೆಸಕೂಡದು.

ಹೊರದೇಶದಿಂದ ಬಂದ ಪಾತ್ರೆ

ಅಮೆರಿಕದಲ್ಲಿ ಮನೆಯ ವಿದ್ಯುತ್ತು 120 ವೋಲ್ಟ್. ನಮ್ಮದು 230 ವೋಲ್ಟ್. ಅಂಗಡಿಯಲ್ಲಿ ಸಿಗುವ ಸಣ್ಣ ಅಡಾಪ್ಟರ್ ಪಿನ್ನಿನ ಆಕಾರವನ್ನು ಮಾತ್ರ ಬದಲಿಸುತ್ತದೆ, ವೋಲ್ಟೇಜನ್ನು ಬದಲಿಸುವುದಿಲ್ಲ. ಶಾಖವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಹೀಗಾಗಿ 120 ವೋಲ್ಟಿನ 1000 ವ್ಯಾಟ್ ಪಾತ್ರೆಯನ್ನು ನಮ್ಮ ಸಾಕೆಟ್ಟಿಗೆ ಸಿಕ್ಕಿಸಿದರೆ ಅದು ಮೂರೂವರೆ ಪಟ್ಟಿಗೂ ಹೆಚ್ಚು, ಅಂದರೆ ಸುಮಾರು 3,670 ವ್ಯಾಟ್ ಎಳೆಯಲು ಹೋಗುತ್ತದೆ. ಕಾಯಿಲ್ ಕೆಲವೇ ಹೊತ್ತಿನಲ್ಲಿ ಸುಟ್ಟುಹೋಗುತ್ತದೆ. ತಂತಿಗೂ ಬೆಂಕಿ ತಗಲಬಹುದು.

ಇಂತಹ ಪಾತ್ರೆ ಬಳಸಲೇಬೇಕಾದರೆ 230 ವೋಲ್ಟನ್ನು 120ಕ್ಕೆ ಇಳಿಸುವ, 1500 ವಿ.ಎ. ಸಾಮರ್ಥ್ಯದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಅದು ಭಾರವಾದದ್ದು, ಬೆಲೆಯೂ ಕಡಿಮೆಯಿಲ್ಲ. ಆ ಹಣಕ್ಕೆ ಇಲ್ಲಿಯ ವೋಲ್ಟೇಜಿನ ಪಾತ್ರೆಯನ್ನೇ ಕೊಳ್ಳುವುದು ಲಾಭವೇ ಎಂದು ಲೆಕ್ಕ ಹಾಕಿ ನೋಡಿ. ಮಕ್ಕಳು ತರುವುದಾಗಿ ಹೇಳಿದಾಗಲೇ ವೋಲ್ಟೇಜಿನ ವಿಷಯ ತಿಳಿಸುವುದು ಇನ್ನೂ ಒಳ್ಳೆಯದು.

ವೋಲ್ಟೇಜ್ ಏರಿಳಿತ ಮತ್ತು ವಿದ್ಯುತ್ ಖರ್ಚು

ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ ಹಳ್ಳಿಗಳಲ್ಲಿ ವೋಲ್ಟೇಜ್ ಕುಸಿಯುವುದು ನಿಮಗೆ ತಿಳಿದದ್ದೇ. 230 ಇರಬೇಕಾದದ್ದು 180ಕ್ಕೆ ಇಳಿದರೆ 1000 ವ್ಯಾಟಿನ ಕಾಯಿಲ್ ಸುಮಾರು 610 ವ್ಯಾಟ್ ಮಾತ್ರ ಕೊಡುತ್ತದೆ. ಹತ್ತು ನಿಮಿಷದ ಕೆಲಸಕ್ಕೆ ಹದಿನಾರು ನಿಮಿಷ ಹಿಡಿಯುತ್ತದೆ. ಇದರಿಂದ ಪಾತ್ರೆಗೆ ಹಾನಿಯಿಲ್ಲ. ತಾಳ್ಮೆ ಬೇಕು ಅಷ್ಟೆ. ವೋಲ್ಟೇಜ್ 260ಕ್ಕೆ ಏರಿದರೆ ಅದೇ ಕಾಯಿಲ್ ಸುಮಾರು 1,280 ವ್ಯಾಟ್ ಎಳೆಯುತ್ತದೆ. ಇದು ಕಾಯಿಲಿನ ಆಯುಸ್ಸನ್ನು ತಿನ್ನುತ್ತದೆ. ಬಲ್ಬುಗಳು ಎಂದಿಗಿಂತ ಹೆಚ್ಚು ಬೆಳಗುತ್ತಿದ್ದರೆ ಆಗ ಪರ್ಕೊಲೇಟರ್ ಹಾಕಬೇಡಿ.

1000 ವ್ಯಾಟಿನ ಪಾತ್ರೆ ಹತ್ತು ನಿಮಿಷ ಉರಿದರೆ ಖರ್ಚಾಗುವುದು ಸುಮಾರು 0.17 ಯೂನಿಟ್. ಬಿಸಿಯಾಗಿಡುವ ಸಣ್ಣ ಕಾಯಿಲ್ 60 ವ್ಯಾಟಿನದು ಎಂದಿಟ್ಟುಕೊಳ್ಳಿ. ಅದು ಮೂರು ಗಂಟೆ ಉರಿದರೆ 0.18 ಯೂನಿಟ್. ಅಂದರೆ ಕಾಫಿ ಮಾಡಲು ಹಿಡಿದಷ್ಟೇ ವಿದ್ಯುತ್ತು ಅದನ್ನು ಕಾಯಿಸಿಡಲೂ ಹೋಗುತ್ತದೆ, ಜೊತೆಗೆ ಕಾಫಿ ಕಹಿಯಾಗುತ್ತದೆ. ಮಾಡಿದ ಕೂಡಲೆ ಥರ್ಮೋಸ್ ಫ್ಲಾಸ್ಕಿಗೆ ಬಗ್ಗಿಸಿ ಸ್ವಿಚ್ಚು ಆರಿಸುವುದೇ ಜಾಣತನ.

ನಡುವೆ ಕರೆಂಟು ಹೋದರೆ ಸ್ವಿಚ್ಚು ಆರಿಸುವುದನ್ನು ಮರೆಯಬೇಡಿ. ನೀವು ತೋಟದಲ್ಲಿರುವಾಗ ಕರೆಂಟು ಬಂದು, ಪಾತ್ರೆ ತಾನೇ ಉರಿಯತೊಡಗಿ, ನೀರು ಆರಿ ಕಾಯಿಲ್ ಸುಡುವ ಸಂಭವವಿದೆ.

ನೀರು

"ತುಂಗಾ ಪಾನ, ಗಂಗಾ ಸ್ನಾನ" ಎಂಬ ಮಾತು ನಮ್ಮ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಹೊಳೆಯ ನೀರು ಸಾಮಾನ್ಯವಾಗಿ ಮೆದು. ಆದರೆ ಇಂದು ಅನೇಕ ಮನೆಗಳು ಕೊಳವೆ ಬಾವಿಯ ನೀರನ್ನು ಅವಲಂಬಿಸಿವೆ. ಅದರಲ್ಲಿ ಸುಣ್ಣದ ಅಂಶ ಕರಗಿರುತ್ತದೆ; ಕಾದಾಗ ಅದು ಬೇರ್ಪಟ್ಟು ಬಿಳಿಯ ಪೊರೆಯಾಗಿ ಅಂಟಿಕೊಳ್ಳುತ್ತದೆ. ಸ್ನಾನದ ಹಂಡೆಯ ಒಳಮೈ ನೋಡಿದರೆ ನಿಮ್ಮ ನೀರಿನ ಗುಣ ತಿಳಿಯುತ್ತದೆ. ಸೋಪಿನ ನೊರೆ ಸರಿಯಾಗಿ ಬಾರದಿದ್ದರೂ ನೀರು ಗಡಸು ಎಂದೇ ಅರ್ಥ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರುವುದು ಒಪ್ಪತಕ್ಕದ್ದು. ಬೇರೆ ನೀರು ಸಿಗದ ಕಡೆ 600ರವರೆಗೆ ರಿಯಾಯಿತಿ ಇದೆ.

ಪರ್ಕೊಲೇಟರಿಗೆ ಸಾಧ್ಯವಾದಷ್ಟು ಮೆದು ನೀರನ್ನೇ ಬಳಸಿ. ಯಾವಾಗಲೂ ತಣ್ಣೀರಿನಿಂದಲೇ ಆರಂಭಿಸಬೇಕು. ಬಿಸಿನೀರು ಹಾಕಿದರೆ ಬೇಗ ಆದೀತೆಂದು ತೋರುತ್ತದೆ. ಆದರೆ ಥರ್ಮೋಸ್ಟಾಟ್ ಬೇಗನೆ ಕಡಿದು, ನೀರು ಸಾಕಷ್ಟು ಸಲ ಪುಡಿಯ ಮೇಲೆ ಸುತ್ತುವುದಿಲ್ಲ. ಕಾಫಿ ನೀರಾಗುವುದಕ್ಕೆ ಇದೂ ಒಂದು ಕಾರಣ.

ಪುಡಿ

ಭಾರತದ ಕಾಫಿಯಲ್ಲಿ ಸುಮಾರು ಶೇಕಡ 70 ಭಾಗ ಬೆಳೆಯುವುದು ನಮ್ಮ ರಾಜ್ಯದಲ್ಲಿ. ನೆರೆಯ ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲಿ 1925ರಿಂದಲೂ ಕಾಫಿ ಸಂಶೋಧನಾ ಕೇಂದ್ರವಿದೆ. ಒಳ್ಳೆಯ ಬೀಜಕ್ಕೆ ನಮಗೆ ಕೊರತೆಯಿಲ್ಲ. ಪರ್ಕೊಲೇಟರಿನಲ್ಲಿ ಕಾಫಿ ಕೆಡುವುದು ಪುಡಿಯ ನಯದಿಂದ ಮತ್ತು ಚಿಕೋರಿಯಿಂದ.

ಫಿಲ್ಟರಿಗಾಗಿ ಬೀಸಿದ ನಯವಾದ ಪುಡಿ ಇಲ್ಲಿ ಬುಟ್ಟಿಯ ತೂತುಗಳಿಂದ ಕೆಳಗಿಳಿದು ಕಾಫಿಯಲ್ಲಿ ಗಸಿಯಾಗುತ್ತದೆ. ಇಲ್ಲವೆ ತೂತುಗಳನ್ನು ಮುಚ್ಚಿ, ನೀರು ಬುಟ್ಟಿಯ ಅಂಚಿನಿಂದ ಉಕ್ಕುತ್ತದೆ. ಚಿಕೋರಿಯು ನೀರಿನಲ್ಲಿ ಬೇಗ ಕರಗಿ ಅಂಟಾಗುತ್ತದೆ. ಮತ್ತೆ ಮತ್ತೆ ಕಾದು ತಳದಲ್ಲಿ ಹಿಡಿಯುತ್ತದೆ. ಪೇಟೆಯ ಕಾಫಿ–ಚಿಕೋರಿ ಮಿಶ್ರಣದಲ್ಲಿ ಕಾನೂನಿನ ಪ್ರಕಾರ ಕಾಫಿ ಶೇಕಡ 51ಕ್ಕೆ ಕಡಿಮೆ ಇರಕೂಡದು. ಅಂದರೆ ಚಿಕೋರಿ ಶೇಕಡ 49ರವರೆಗೂ ಇರಬಹುದು. ಆದ್ದರಿಂದ ಪೊಟ್ಟಣದ ಮೇಲಿನ ಬರಹವನ್ನು ಓದಿಯೇ ಕೊಳ್ಳಿ.

ಕಾಫಿ ಪುಡಿ ಅಂಗಡಿಯಲ್ಲಿ ಹೀಗೆ ಕೇಳಿ: "ಚಿಕೋರಿ ಬೇಡ, ಹದವಾಗಿ ಹುರಿದದ್ದು, ಉಪ್ಪಿಟ್ಟಿನ ರವೆಯಷ್ಟು ದಪ್ಪಗೆ ಬೀಸಿಕೊಡಿ." ಒಮ್ಮೆಗೆ ಹದಿನೈದು ದಿನಕ್ಕಾಗುವಷ್ಟೇ ಕೊಂಡು, ಗಾಳಿಯಾಡದ ಡಬ್ಬಿಯಲ್ಲಿಡಿ.

ಪ್ರಮಾಣ: ಹಾಲಿಲ್ಲದ ಕಾಫಿಗೆ ಲೀಟರ್ ನೀರಿಗೆ 50ರಿಂದ 60 ಗ್ರಾಂ ಪುಡಿ. ಹಾಲು ಬೆರೆಸುವುದಿದ್ದರೆ 80 ಗ್ರಾಂ. ಈ ಪುಡಿ ಒಂದಿಷ್ಟು ನೀರನ್ನು ಹೀರಿಕೊಳ್ಳುವುದರಿಂದ ಸುಮಾರು 850 ಮಿಲಿಲೀಟರ್ ಕಾಫಿ ಇಳಿಯುತ್ತದೆ. ಅದಕ್ಕೆ ಅಷ್ಟೇ ಬಿಸಿ ಹಾಲು ಸೇರಿಸಿದರೆ 100 ಮಿಲಿಲೀಟರಿನ ಹದಿನೇಳು ಲೋಟ ಕಾಫಿಯಾಗುತ್ತದೆ. ಅಡಿಕೆ ಸುಲಿಯುವ ಒಂದು ಗುಂಪಿಗೆ ಇಷ್ಟು ಸಾಕು.

ಕಾಫಿ ಇಳಿಸುವ ಕ್ರಮ

1. ಪ್ಲಗ್ಗು ಹಾಕುವ ಮೊದಲೇ ಗುರುತಿನವರೆಗೆ ತಣ್ಣೀರು ತುಂಬಿ. ಗುರುತು ಮೀರಬಾರದು; ಬುಟ್ಟಿ ನೀರಿನಲ್ಲಿ ಮುಳುಗಕೂಡದು.
2. ಕೊಳವೆಯ ಬುಡ ಗುಳಿಯಲ್ಲಿ ಸರಿಯಾಗಿ ಕುಳಿತಿದೆಯೇ ನೋಡಿ.
3. ಬುಟ್ಟಿಯನ್ನು ಒದ್ದೆ ಮಾಡಿ ಪುಡಿ ಹಾಕಿ. ಒತ್ತಬೇಡಿ. ತಟ್ಟೆ ಮುಚ್ಚಿ.
4. ಪಾತ್ರೆಯ ಹೊರಮೈ ಮತ್ತು ಪ್ಲಗ್ಗು ಸಿಕ್ಕಿಸುವ ಜಾಗವನ್ನು ಒರೆಸಿ. ಒಣಗಿದ ಕೈಯಿಂದ ಪ್ಲಗ್ಗು ಹಾಕಿ, ಆಮೇಲೆ ಸ್ವಿಚ್ಚು ಹಾಕಿ.
5. ಗುಳುಗುಳು ಸದ್ದು ಶುರುವಾದ ಮೇಲೆ 6ರಿಂದ 8 ನಿಮಿಷದಲ್ಲಿ ಕಾಫಿ ಸಿದ್ಧ. ಅದಕ್ಕಿಂತ ಹೆಚ್ಚು ಸುತ್ತಿದರೆ ಕಹಿ.
6. ಸ್ವಿಚ್ಚು ಆರಿಸಿ, ಪ್ಲಗ್ಗು ತೆಗೆದು, ಬಟ್ಟೆ ಹಿಡಿದು ಬುಟ್ಟಿಯನ್ನು ಹೊರತೆಗೆಯಿರಿ. ನಂತರ ಬಗ್ಗಿಸಿ.

ಹಾಲು, ಸಕ್ಕರೆ, ಬೆಲ್ಲ ಯಾವುದನ್ನೂ ಪರ್ಕೊಲೇಟರಿನೊಳಗೆ ಹಾಕಬಾರದು. ಹಾಲು ತಳ ಹಿಡಿದು ಕೊಳವೆ ಕಟ್ಟಿಕೊಳ್ಳುತ್ತದೆ. ಹಾಲನ್ನು ಪ್ರತ್ಯೇಕವಾಗಿ ಕಾಯಿಸಿ ಲೋಟದಲ್ಲಿ ಬೆರೆಸಿ. ನೀರಿಲ್ಲದೆ ಸ್ವಿಚ್ಚು ಹಾಕಬೇಡಿ. ಒಮ್ಮೆ ಬಳಸಿದ ಪುಡಿಯನ್ನು ಮತ್ತೊಮ್ಮೆ ಬಳಸಬೇಡಿ.

ಶುಚಿ

ಪ್ರತಿ ಸಲ: ಪಾತ್ರೆ ಆರಿದ ಮೇಲೆ ಬುಟ್ಟಿ, ತಟ್ಟೆ, ಕೊಳವೆಗಳನ್ನು ಬಿಸಿನೀರಿನಲ್ಲಿ ತೊಳೆಯಿರಿ. ಕೊಳವೆಯೊಳಗೆ ತೆಳು ಬ್ರಷ್ಷು ಹಾಯಿಸಿ. ಬುಡದಲ್ಲಿ ಅಲುಗಾಡುವ ವಾಷರು ಇದ್ದರೆ ಅದು ಸಲೀಸಾಗಿ ಆಡಬೇಕು. ದೊಡ್ಡ ಪಾತ್ರೆಯ ಒಳಭಾಗವನ್ನು ಮಾತ್ರ ತೊಳೆಯಿರಿ. ಇಡೀ ಪಾತ್ರೆಯನ್ನು ಬಕೆಟ್ಟಿನಲ್ಲಿ ಮುಳುಗಿಸುವುದರಿಂದ ತಳದ ವಿದ್ಯುತ್ ಭಾಗಕ್ಕೆ ನೀರು ಸೇರುತ್ತದೆ. ಬೂದಿ, ಮರಳು, ತಂತಿಯ ನಾರು ಬಳಸಬೇಡಿ. ಮುಚ್ಚಳ ತೆರೆದಿಟ್ಟು ಒಣಗಿಸಿ.

ವಾರಕ್ಕೊಮ್ಮೆ: ಕಾಫಿಯ ಎಣ್ಣೆ ಅಂಶ ಕಂದು ಬಣ್ಣದ ಜಿಡ್ಡಾಗಿ ಕೂತು ಹಳಸಲು ವಾಸನೆ ಕೊಡುತ್ತದೆ. ಸ್ಟೀಲಿನ ಪಾತ್ರೆಯಾದರೆ ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಅಡಿಗೆ ಸೋಡ ಹಾಕಿ, ಪುಡಿಯಿಲ್ಲದೆ ಒಮ್ಮೆ ನಡೆಸಿ, ಚೆಲ್ಲಿ, ತೊಳೆಯಿರಿ. ಅಲ್ಯೂಮಿನಿಯಂ ಪಾತ್ರೆಗೆ ಸೋಡ ಸಲ್ಲದು. ಸಾಬೂನಿನ ನೀರು ಸಾಕು.

ತಿಂಗಳಿಗೊಮ್ಮೆ: ಗಡಸು ನೀರಿನ ಮನೆಗಳಲ್ಲಿ ಸುಣ್ಣದ ಪೊರೆ ತೆಗೆಯಬೇಕು. ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು ಲೀಟರ್ ನೀರಿಗೆ 20ರಿಂದ 30 ಗ್ರಾಂ ಕರಗಿಸಿ, ಪುಡಿಯಿಲ್ಲದೆ ನಡೆಸಿ, ಸ್ವಿಚ್ಚು ಆರಿಸಿ ಅರ್ಧ ಗಂಟೆ ಬಿಡಿ. ನೊರೆ ಎದ್ದು ಪೊರೆ ಕರಗುತ್ತದೆ. ಚೆಲ್ಲಿ, ಬರಿಯ ನೀರಿನಿಂದ ಎರಡು ಸಲ ನಡೆಸಿ. ಪೊರೆಯನ್ನು ಚಾಕುವಿನಿಂದ ಕೆರೆಯಬೇಡಿ. ಪೊರೆ ದಪ್ಪವಾದಷ್ಟೂ ಶಾಖ ನೀರಿಗೆ ಸೇರದೆ ಕಾಯಿಲಿನಲ್ಲೇ ಉಳಿದು ಅದನ್ನು ಸುಡುತ್ತದೆ. ಕಾಯಿಲ್ ಸುಡುವ ದೂರಿಗೆ ನಮ್ಮ ಕಡೆ ಇದು ಮುಖ್ಯ ಕಾರಣ.

ತೊಂದರೆ ಮತ್ತು ಪರಿಹಾರ

ನೀರು ಕಾಯುತ್ತದೆ, ಮೇಲೇರುವುದಿಲ್ಲ: ಕೊಳವೆಯ ಬುಡ ಸರಿಯಾಗಿ ಕುಳಿತಿಲ್ಲ, ವಾಷರು ಕಚ್ಚಿಕೊಂಡಿದೆ ಅಥವಾ ಗುಳಿಯಲ್ಲಿ ಸುಣ್ಣ ಕಟ್ಟಿದೆ. ಬಿಚ್ಚಿ ಶುಚಿ ಮಾಡಿ.

ಕಾಫಿ ತೆಳು: ಪುಡಿ ಕಡಿಮೆ, ಬಿಸಿನೀರಿನಿಂದ ಆರಂಭ ಅಥವಾ ಥರ್ಮೋಸ್ಟಾಟ್ ಬೇಗ ಕಡಿಯುತ್ತಿದೆ.

ಕಾಫಿಯಲ್ಲಿ ಗಸಿ: ಪುಡಿ ನಯವಾಗಿದೆ.

ಏನೂ ಬಿಸಿಯಾಗುವುದಿಲ್ಲ: ಸಾಕೆಟ್ಟಿನಲ್ಲಿ ವಿದ್ಯುತ್ ಇದೆಯೇ ಬೇರೊಂದು ಉಪಕರಣ ಹಾಕಿ ನೋಡಿ. ಇದ್ದರೆ ತಂತಿ, ಥರ್ಮಲ್ ಫ್ಯೂಸು ಅಥವಾ ಕಾಯಿಲ್ ಹೋಗಿದೆ.

ಈ ಕೊನೆಯ ಸಂದರ್ಭದಲ್ಲಿ ಒಂದು ಎಚ್ಚರಿಕೆ. ಥರ್ಮಲ್ ಫ್ಯೂಸು ಸಿಗದಿದ್ದಾಗ ಕೆಲವು ರಿಪೇರಿಯವರು ಅದನ್ನು ಕಿತ್ತು ನೇರವಾಗಿ ತಂತಿ ಜೋಡಿಸಿಕೊಡುತ್ತಾರೆ. ಪಾತ್ರೆ ನಡೆಯುತ್ತದೆ, ಹಣವೂ ಉಳಿದಂತೆ ಕಾಣುತ್ತದೆ. ಆದರೆ ನೀರು ಆರಿದಾಗ ವಿದ್ಯುತ್ ಕಡಿಯುವ ಕೊನೆಯ ಕಾವಲು ಅದೇ. ಅದನ್ನು ತೆಗೆದ ಪಾತ್ರೆ ಮನೆಗೆ ಬೆಂಕಿ ಹಚ್ಚಬಲ್ಲದು. ಅದೇ ಬಗೆಯ ಹೊಸ ಫ್ಯೂಸು ಹಾಕಿಸಿ. ಸಿಗುವವರೆಗೆ ಹಿತ್ತಾಳೆಯ ಫಿಲ್ಟರೇ ಇರಲಿ. ರಿಪೇರಿಯ ನಂತರ ಹಸಿರು ಅಥವಾ ಹಸಿರು–ಹಳದಿ ಪಟ್ಟೆಯ ತಂತಿ ಮೊದಲಿನಂತೆ ಪಾತ್ರೆಯ ಮೈಗೆ ಸೇರಿದೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ.

ಚರಟ ಎಸೆಯಬೇಡಿ

ಒಣಗಿದ ಕಾಫಿ ಚರಟದಲ್ಲಿ ಸುಮಾರು ಶೇಕಡ 2ರಷ್ಟು ಸಾರಜನಕವಿರುತ್ತದೆ. ಗಿಡದ ಬುಡಕ್ಕೆ ದಪ್ಪವಾಗಿ ಸುರಿದರೆ ಹೆಪ್ಪುಗಟ್ಟಿ ನೀರು ಇಂಗುವುದಿಲ್ಲ. ಕಾಂಪೋಸ್ಟ್ ಗುಂಡಿಗೆ ಹಾಕಿ ಒಣ ಎಲೆ, ಸಗಣಿಯೊಂದಿಗೆ ಬೆರೆಸುವುದು ಉತ್ತಮ.

ಹೀಗೆ ಪರ್ಕೊಲೇಟರನ್ನೂ ನಿಮ್ಮ ಪಂಪ್‌ಸೆಟ್ಟಿನಂತೆ ಒಂದು ಯಂತ್ರವೆಂದೇ ಭಾವಿಸಿ ನೋಡಿಕೊಳ್ಳಬೇಕು. ಈ ಲೇಖನ ಓದಿದ ಮೇಲೆ ಒಂದೇ ಕೆಲಸ ಮಾಡುವುದಿದ್ದರೆ, ವೈರ್‌ಮನ್‌ರನ್ನು ಕರೆಸಿ ಅಡಿಗೆಮನೆಯ ಸಾಕೆಟ್ಟಿನ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಪರ್ಕೊಲೇಟರ್ ಕೊಳ್ಳದ ಮನೆಗೂ ಅದು ಬೇಕಾದದ್ದೇ.